ಯೋಗೇಶ್ವರಿಯ ಊರಿಗೆ ಹಡಗಿನಲ್ಲಿ

ಹಡಗಿನಿಂದ ಇಳಿದ ಹತ್ತೇ ನಿಮಿಷದಲ್ಲಿ ನನ್ನ ಹೆಂಡತಿ ನನಗೆ ಅರ್ಥವಾಗದ ಹೆಂಗಸಾಗಿಬಿಟ್ಟಳು. ಶ್ರೀಲಂಕಾದ ಉತ್ತರ ತುದಿಯ ಕಾಂಕೇಸಂತುರೈ ಬಂದರಿನಲ್ಲಿ, ಪಾಸ್‌ಪೋರ್ಟ್ ಸಾಲಿನಲ್ಲಿ, ಮುಂದೆ ನಿಂತಿದ್ದ ಯಾರೋ ಮುದುಕಿಯ ಜೊತೆ ಮಾತಿಗಿಳಿದಿದ್ದಳು. ಮೂವತ್ತು ವರ್ಷ ಜೊತೆಗೆ ಬಾಳಿದವಳು. ಕೆಮ್ಮಿದರೆ ಸಾಕು, ಯಾವ ಕೋಣೆಯಲ್ಲಿದ್ದಾಳೆ ಅಂತ ಹೇಳಬಲ್ಲೆ. ಆದರೆ ಈ ದನಿ ನಾನು ಕೇಳಿದ್ದೇ ಅಲ್ಲ. ಜೋರು ಗಂಟಲು, ಎರಡರಷ್ಟು ವೇಗ, ಜೊತೆಗೆ ಕೈ ಬೀಸುವುದು ಬೇರೆ. ನಮ್ಮ ಮನೆಯಲ್ಲಿ ಅವಳು ಕೈ ಬೀಸಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ಅಧಿಕಾರಿ ಅವಳ ಭಾರತದ ಪಾಸ್‌ಪೋರ್ಟ್ ತಿರುವುತ್ತ, "ಟೂರಿಸ್ಟ್?" ಎಂದು ಕೇಳಿದ. ಹುಟ್ಟಿದ ಸ್ಥಳ ಬರೆದ ಜಾಗದಲ್ಲಿ ಅವನ ಕಣ್ಣು ನಿಂತಿತು. "ವಾಂಗೋ ಅಕ್ಕಾ" ಎಂದು ಮುದ್ರೆ ಒತ್ತಿದ. ಬನ್ನಿ ಅಕ್ಕಾ, ಅಂತ. ನನ್ನದಕ್ಕೆ ಏನೂ ಹೇಳದೆ ಒತ್ತಿದ. ಹೇಳುವುದಕ್ಕೇನಿದೆ, ನಾನು ಟೂರಿಸ್ಟೇ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮದು ಜಯನಗರದಲ್ಲಿ ಕನ್ನಡಕದ ಅಂಗಡಿ. ಅಪ್ಪ ಶುರುಮಾಡಿದರು, ಅರವತ್ತು ತುಂಬುವವರೆಗೆ ನಾನು ನಡೆಸಿದೆ, ಈಗ ತಮ್ಮ ನೋಡಿಕೊಳ್ಳುತ್ತಾನೆ. ಮನೆ ಯಡಿಯೂರು ಕೆರೆಯ ಹತ್ತಿರ. ಜಾಫ್ನಾದ ಹುಡುಗಿಯೊಬ್ಬಳು ಅಲ್ಲಿ ತಮಿಳರ ಮೇಲೆ ಗಲಭೆಯಾದ ಕಾಲದಲ್ಲಿ, ಹನ್ನೆರಡನೆಯ ವಯಸ್ಸಿಗೆ, ಅಪ್ಪನ ಜೊತೆ ಹಡಗು ಹತ್ತಿ ನಮ್ಮ ಹಿಂದಿನ ಬೀದಿಯಲ್ಲಿದ್ದ ತನ್ನ ಚಿಕ್ಕಮ್ಮನ ಮನೆಗೆ ಬಂದಳು. ಅಪ್ಪ ಅವಳನ್ನು ಬಿಟ್ಟು ವಾಪಸ್ ಹೋದರು, ಮತ್ತೆ ಸಿಗಲಿಲ್ಲ. ಅವಳ ಅಕ್ಕ ಪರಮೇಶ್ವರಿ ಜಾಫ್ನಾದಲ್ಲೇ ಉಳಿದರು. ವರ್ಷಗಳ ಮೇಲೆ ಆ ಹುಡುಗಿ ಕನ್ನಡಕ ಮಾಡಿಸಲು ನಮ್ಮ ಅಂಗಡಿಗೆ ಬಂದಳು. ರಿಪೇರಿಗೆ ಇನ್ನೆರಡು ಸಲ ಬಂದಳು. ಮೂರನೆಯ ಸಲ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ. ಮದುವೆಯ ದಿನ ನಮ್ಮಮ್ಮ ಪದ್ಧತಿಯಂತೆ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದರು. ಯೋಗೇಶ್ವರಿ ಹೋಗಿ ವಸುಧಾ ಆದಳು.

ಹೋದ ವರ್ಷ ಅಕ್ಕ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮದುವೆಯಾಗದ ಒಂಟಿ ಜೀವ. ಸುದ್ದಿ ಬಂದ ಮೂರನೆಯ ದಿನ ವಸುಧಾ ಕಾಫಿ ಕೊಡುತ್ತ ಹೇಳಿದಳು, "ನಾನು ಹೋಗ್ತೀನಿ ರೀ. ಆರು ತಿಂಗಳಾಗುತ್ತೋ, ವರ್ಷ ಆಗುತ್ತೋ."

"ನಾನೂ ಬರ್ತೀನಿ. ಇಲ್ಲಿ ಒಬ್ನೇ ಏನ್ ಮಾಡ್ಲಿ?"

ಜೆ.ಪಿ. ನಗರದಲ್ಲಿರುವ ಮಗಳು ಅನು ಓಡಿ ಬಂದಳು. "ಅಮ್ಮ, ಚೆನ್ನೈಯಿಂದ ಫ್ಲೈಟ್ ಇದೆ. ಕಣ್ಮುಚ್ಚಿ ಬಿಡೋದ್ರಲ್ಲಿ ಹೋಗಿರ್ತೀರ."

"ಹಡಗಲ್ಲಿ ಬಂದೋಳು ಕಣೇ ನಾನು. ಹಡಗಲ್ಲೇ ಹೋಗ್ತೀನಿ" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಏನನ್ನೂ ಕೇಳಿದವಳಲ್ಲ. ಅನು ರೈಲಿನ ಟಿಕೆಟ್ ಮಾಡಿಸಿದಳು.

ಮೆಜೆಸ್ಟಿಕ್ಕಿನಿಂದ ಸಂಜೆ ಹೊರಟ ರೈಲು ಬೆಳಗ್ಗೆ ಮಯಿಲಾಡುತುರೈಯಲ್ಲಿ ಇಳಿಸಿತು. ಅಲ್ಲಿಂದ ಇನ್ನೊಂದು ರೈಲು, ನಾಗಪಟ್ಟಣಂ, ಒಂದು ದಿನದ ಲಾಡ್ಜು. ಮಾರನೆಯ ಬೆಳಗ್ಗೆ ಹಡಗು. ಹಡಗೆಂದರೆ ಸಿನಿಮಾದಲ್ಲಿ ನೋಡುವಂಥದ್ದಲ್ಲ. ಬಸ್ಸಿನ ಹಾಗೆ ಸಾಲು ಸೀಟು, ಏಸಿ, ವಾಂತಿಗೆ ಕವರ್. ದಡ ಕಾಣದಂತಾದ ಮೇಲೆ ವಸುಧಾ ತಾನಾಗಿ ಹೇಳತೊಡಗಿದಳು. ಅಂದು ಅಪ್ಪ ಅವಳ ಕೈಗೆ ಪೆಪ್ಪರ್‌ಮಿಂಟು ಕೊಟ್ಟು, "ಅಲೆ ಎಣಿಸ್ತಾ ಇರು, ಮುಗಿಯೋ ಹೊತ್ತಿಗೆ ಬೆಂಗಳೂರು ಬರುತ್ತೆ" ಎಂದಿದ್ದರಂತೆ.

"ಎಣಿಸಿದ್ಯಾ?"

"ಎಣಿಸ್ತಾನೇ ಇದ್ದೆ. ಚಿಕ್ಕಮ್ಮನ ಮನೇಲಿ ಮಲಗಿದಾಗ್ಲೂ ಎಣಿಸ್ತಿದ್ದೆ."

ಮೂವತ್ತು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. ನಾಲ್ಕು ಗಂಟೆಯ ಸಮುದ್ರ ಬೇಕಾಯಿತು.

ಅಕ್ಕನ ಮನೆ ಜಾಫ್ನಾ ಪಟ್ಟಣದಿಂದ ಸ್ವಲ್ಪ ಆಚೆ. ತಾಳೆಗರಿಯ ಬೇಲಿ, ಕೆಂಪು ನೆಲ, ಹಿಂದೆ ಬಾವಿ. ಮಂಚದ ಮೇಲಿಂದಲೇ ಅಕ್ಕ "ಯೋಗಾ!" ಎಂದು ಕೂಗಿದರು. ನನ್ನವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದಳು. ನಾನು ಎರಡು ಸೂಟ್‌ಕೇಸಿನ ಜೊತೆ ಅಂಗಳದಲ್ಲಿ ನಿಂತೆ.

ತಮಿಳು ನನಗೆ ಬರುತ್ತದೆ ಅಂದುಕೊಂಡಿದ್ದೆ. ಅಂಗಡಿಗೆ ಬರುತ್ತಿದ್ದ ಗಿರಾಕಿಗಳಿಂದ ಕಲಿತ ಬೆಂಗಳೂರು ತಮಿಳು ಅದು. ಅದನ್ನು ಆಡಿದಾಗಲೆಲ್ಲ ಅಕ್ಕ ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಿದ್ದರು. ಇಲ್ಲಿ ಹೌದು ಅನ್ನಲು 'ಓಂ' ಅನ್ನುತ್ತಾರೆ. ಅನ್ನ ಇನ್ನೂ ಬೇಕಾ? ಓಂ. ಕರೆಂಟು ಹೋಯಿತಾ? ಓಂ. ಮೊದಲ ವಾರ ಊರೆಲ್ಲ ಜಪಕ್ಕೆ ಕುಳಿತ ಹಾಗೆ ಕೇಳುತ್ತಿತ್ತು. ಮಾತಾಡುವುದಕ್ಕೆ 'ಕದೈಕ್ಕಿರದು', ನಮ್ಮ ಕಥೆಯೇ ಅದು. ಇಬ್ಬರು ಬೇಲಿಯ ಹತ್ತಿರ ನಿಂತು ತರಕಾರಿ ರೇಟು ಹೇಳಿಕೊಂಡರೂ ಅದು ಕಥೆ ಹೇಳುವುದೇ.

ನಮ್ಮಲ್ಲಿ ಕಾವೇರಿ ಬರುವ ದಿನ ಸಂಪಿನ ಮುಚ್ಚಳ ಎತ್ತಿ ನೋಡುವುದೇ ಒಂದು ಕೆಲಸ. ಇಲ್ಲಿ ಕೈಯಳತೆಯಲ್ಲಿ ಬಾವಿ, ಬೇಕಾದಷ್ಟು ನೀರು, ಆದರೆ ಸೋಪು ನೊರೆ ಬರದ ಸುಣ್ಣದ ನೀರು. ಬಾವಿಕಟ್ಟೆಯ ಮೇಲೆ ನಿಂತು ಬಕೆಟ್ಟಿನಿಂದ ತಲೆಗೆ ಸುರಿದುಕೊಳ್ಳಬೇಕು. ಆಕಾಶ ನೋಡುತ್ತ ಸ್ನಾನ ಮಾಡಿ ನನಗೆ ಅಭ್ಯಾಸವಿರಲಿಲ್ಲ. ಬೆಳಗಿನ ತಿಂಡಿಗೆ ಇಡಿಯಪ್ಪ, ಅಂದರೆ ಶಾವಿಗೆ. ಅದಕ್ಕೆ 'ಸೊದಿ', ತೆಂಗಿನ ಹಾಲಿಗೆ ಅರಿಶಿನ ಹಾಕಿದ ತೆಳು ಸಾರು. ಕಾಫಿ ಮಾತ್ರ ಇಲ್ಲ. ತಂದಿದ್ದ ಪುಡಿ ಮುಗಿದ ದಿನ ನಾನು ವಿನಾಕಾರಣ ವಸುಧಾಳ ಮೇಲೆ ರೇಗಿದೆ. ಅವಳು ಹಾಲು ಹಾಕದ ಟೀ, ಜೊತೆಗೆ ಕಚ್ಚಿಕೊಳ್ಳಲು ಒಂದು ಚೂರು ತಾಳೆಬೆಲ್ಲ ತಂದಿಟ್ಟಳು.

ಮಧ್ಯಾಹ್ನಗಳು ಕಷ್ಟವಾಗಿದ್ದವು. ಅಕ್ಕತಂಗಿಯರು ನಲವತ್ತು ವರ್ಷದ ಮಾತನ್ನು ಆಡಿ ಮುಗಿಸಬೇಕಿತ್ತು. ಅವರು ನಕ್ಕಾಗ ನಾನೂ ನಗುತ್ತಿದ್ದೆ, ಒಂದು ಗಳಿಗೆ ತಡವಾಗಿ. ಒಂದು ದಿನ ಹಾಗೆ ನಗುವಾಗ ಥಟ್ಟನೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾನು, ಅಮ್ಮ, ತಮ್ಮ ಊಟಕ್ಕೆ ಕುಳಿತು ತಮಾಷೆ ಮಾಡಿ ನಗುವಾಗ, ಬಡಿಸುತ್ತಿದ್ದ ಹೊಸ ಸೊಸೆ ಹೀಗೇ ತಡವಾಗಿ ನಗುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆವು.

ಅಕ್ಕ ಕೋಲು ಹಿಡಿದು ಮೊದಲ ಸಲ ಅಡುಗೆಗೆ ನಿಂತ ದಿನ ವಸುಧಾ ಹೊರಗೆ ಬಂದು, "ರೀ, ನೀವು ಮುಂದೆ ಜಗಲೀಲಿ ಕೂತ್ಕೊಳ್ಳಿ. ಊಟ ಅಲ್ಲಿಗೇ ತರ್ತೀನಿ" ಎಂದಳು.

"ಯಾಕೆ?"

"ಅಕ್ಕ ಮೀನು ಮಾಡಿದಾಳೆ. ನಂಗೆ."

"ನೀನು ಮೀನು ತಿಂತಿದ್ಯಾ?"

"ಸಮುದ್ರದ ಪಕ್ಕ ಹುಟ್ಟಿದೋಳು ಅಲ್ವೇನ್ರಿ?"

"ನಮ್ಮನೇಲಿ ಯಾವತ್ತೂ ಹೇಳ್ಲಿಲ್ಲ."

"ಯಾವತ್ತೂ ನೀವು ಕೇಳ್ಲಿಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಹೆಚ್ಚು ನಾಟಿತು. ನಮ್ಮ ಮನೆಯಲ್ಲಿ ತಿನ್ನಬೇಡ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಬೀಳದಂತೆ ಎಲ್ಲ ನಡೆದುಹೋಗಿತ್ತು. ನಾನು ಜಗಲಿಗೆ ಹೋಗಲಿಲ್ಲ. ನನ್ನ ತಟ್ಟೆ ತೆಗೆದುಕೊಂಡು ಅವಳ ಪಕ್ಕದಲ್ಲೇ ಕುಳಿತೆ. ವಾಸನೆ ಮರೆಸಲು ಉಪ್ಪಿನಕಾಯಿ ಇನ್ನಷ್ಟು ಬಡಿಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಅವಳು ತಲೆ ತಗ್ಗಿಸಿ, ಮುಳ್ಳು ಬಿಡಿಸಿ, ಮೊದಲ ತುತ್ತು ಬಾಯಿಗಿಟ್ಟುಕೊಂಡಳು. ಕಣ್ಣೀರು ತಟ್ಟೆಗೆ ಬಿತ್ತು. ಅಕ್ಕ ಗಾಬರಿಯಾಗಿ ಖಾರವಾಯಿತೇ ಎಂದು ಕೇಳಿದರು. ಓಂ, ಎಂದಳು.

ಸಂಜೆ ಬಾವಿಕಟ್ಟೆಯ ಹತ್ತಿರ ಕೇಳಿದೆ, "ಇನ್ನೂ ಏನೇನು ನಾನು ಕೇಳ್ಲಿಲ್ಲ?"

ನಕ್ಕಳು. "ಪಟ್ಟಿ ಉದ್ದ ಇದೆ. ಒಂದೊಂದೇ ಹೇಳ್ತೀನಿ. ಇಲ್ಲಿ ದೀಪಾವಳಿ ಹೊತ್ತಿಗೆ ಮಳೆಗಾಲ, ಹೇಗೂ ಹಡಗು ನಿಲ್ಲುತ್ತೆ. ನೀವು ತಪ್ಪಿಸ್ಕೊಂಡು ಎಲ್ಲಿಗೂ ಹೋಗಂಗಿಲ್ಲ."

ಹೇಳಿದಳು, ತಿಂಗಳುಗಟ್ಟಲೆ. ಮೊದಮೊದಲು ವಸುಧಾ ಎಂದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡುತ್ತಿದ್ದಳಂತೆ. ಹಾಗಾದರೆ ಈಗ ಏನೆಂದು ಕರೆಯಲಿ ಎಂದೆ. "ನೀವು ವಸುಧಾ ಅಂತಾನೇ ಅನ್ನಿ. ಈಗ ಅದೂ ನಾನೇ."

ನನಗೂ ಅಲ್ಲಿ ಒಂದು ಹೆಸರು ಸಿಕ್ಕಿತು. ಅಕ್ಕನ ಕನ್ನಡಕದ ಕಡ್ಡಿಯನ್ನು ದಾರದಿಂದ ಕಟ್ಟಿದ್ದರು. ಅಭ್ಯಾಸಬಲದಿಂದ ನನ್ನ ಸಣ್ಣ ಸ್ಕ್ರೂಡ್ರೈವರುಗಳನ್ನು ತಂದಿದ್ದೆ. ಹೊಸ ಸ್ಕ್ರೂ ಹಾಕಿ ಬಿಗಿ ಮಾಡಿದೆ. ಪಕ್ಕದ ಮನೆಯವರು ಬಂದರು, ಆಮೇಲೆ ಅದರಾಚೆ ಮನೆಯವರು. ಜಗಲಿಯಲ್ಲಿ ಕುಳಿತು ಸಡಿಲವಾದದ್ದನ್ನು ಬಿಗಿ ಮಾಡುವ, ಸೊಟ್ಟಗಾದದ್ದನ್ನು ನೇರ ಮಾಡುವ ಕೆಲಸಕ್ಕೆ ಭಾಷೆ ಅಷ್ಟಾಗಿ ಬೇಡ. ಕನ್ನಡಕಕ್ಕೆ ಅಲ್ಲಿ 'ಕಣ್ಣಾಡಿ' ಅನ್ನುತ್ತಾರೆ. ಹಾಗಾಗಿ ನಾನು ಕಣ್ಣಾಡಿ ಐಯಾ. ಅಷ್ಟು ದಿನ ನನ್ನನ್ನು ಬಹುವಚನದಲ್ಲಿ ದೂರ ಇಟ್ಟಿದ್ದ ಅಕ್ಕ ಒಂದು ಬೆಳಗ್ಗೆ, "ತಂಬಿ, ಟೀ ಕುಡಿ" ಎಂದರು. ತಂಬಿ ಅಂದರೆ ತಮ್ಮ. ಆ ಟೀ ಆರುವವರೆಗೆ ಕೈಯಲ್ಲೇ ಹಿಡಿದಿದ್ದೆ.

ಸಂಕ್ರಾಂತಿ ಕಳೆದು, ಹಡಗು ಮತ್ತೆ ಓಡತೊಡಗಿದ ಮೇಲೆ, ಇಲ್ಲಿನ ನಮ್ಮ ಮನೆಯನ್ನು ಬಾಡಿಗೆಗೆ ಕೊಡುವ ಕೆಲಸಕ್ಕೆ ನಾನೊಬ್ಬನೇ ಯಡಿಯೂರಿಗೆ ಬಂದಿದ್ದೇನೆ. ಅಕ್ಕ ಈಗ ಬೇಲಿಯವರೆಗೆ ನಡೆಯುತ್ತಾರೆ, ಅದರಾಚೆಗೆ ಆಗುವುದಿಲ್ಲ. ಆರು ತಿಂಗಳ ಮಾತು ಯಾರೂ ಎತ್ತುತ್ತಿಲ್ಲ.

ಬಂದ ದಿನ ಕಾಫಿಯನ್ನು ಲೋಟದ ಮೇಲೆ ಲೋಟ ಕುಡಿದೆ. ಮೂರನೆಯ ದಿನಕ್ಕೆ ಬೀದಿಯ ಹಾರ್ನ್ ಸದ್ದು ತಲೆಗೇರಿತು. ಮೂಲೆಯ ಸೊಪ್ಪಿನಾಕೆ, "ಎಲ್ಲೋಗಿದ್ರಿ ಸಾರ್ ಇಷ್ಟ್ ದಿನ? ಅಮ್ಮಾವ್ರು ಎಲ್ಲಿ?" ಎಂದಳು. ಊರಿಗೆ ಹೋಗಿದಾರೆ ಎಂದೆ. ಊರಿಗೆ ಎಂದರೆ ಸಾಕು ಇಲ್ಲಿ, ಯಾವ ಊರು ಎಂದು ಯಾರೂ ಕೇಳುವುದಿಲ್ಲ.

ನಿನ್ನೆ ಸಂಜೆ ಸಾಮಾನು ಖಾಲಿ ಮಾಡಿದ ನಡುಮನೆಯ ನೆಲದ ಮೇಲೆ ಕುಳಿತಿದ್ದಾಗ ವಸುಧಾ ಫೋನ್ ಮಾಡಿದಳು. ಮೊದಲು ಅವಳೇ ಕೇಳಿದ್ದು, "ಕೆರೆ ಕಡೆ ವಾಕಿಂಗ್ ಹೋಗಿದ್ರಾ? ನೀರಿದೆಯಾ? ಅವರೆಕಾಯಿ ಇನ್ನೂ ಬರ್ತಿದೆಯಾ? ಸಿಕ್ಕಿದ್ರೆ ಹಿತಕಿ ಒಣಗಿಸಿ ತನ್ನಿ, ಇಲ್ಲಿ ಬಾಯಿ ಸತ್ತೋಗಿದೆ."

ಅದಕ್ಕೆ ಉತ್ತರ ಕೊಡುವ ಮೊದಲೇ ನಾನು, "ನುಗ್ಗೆ ಹೂ ಬಿಡ್ತಾ? ಅಕ್ಕ ಮಾತ್ರೆ ತಗೊಂಡ್ರಾ? ಬಾವಿ ಹಗ್ಗ ಸವೆದಿತ್ತು, ಬದಲಾಯಿಸಿದ್ಯಾ?" ಎಂದು ಒಂದೇ ಉಸಿರಿಗೆ ಕೇಳಿದೆ.

ಎಲ್ಲದಕ್ಕೂ ಸೇರಿಸಿ ಓಂ ಎಂದಳು. ಆಮೇಲೆ ಕೇಳಿದಳು, "ಮನೆಗೆ ಯಾವಾಗ ಬರ್ತೀರಿ?"

ನಾನು ಹುಟ್ಟಿದ ಮನೆಯ ಗೋಡೆಗೆ ಒರಗಿ ಕುಳಿತಿದ್ದೆ. ಮನೇಲೇ ಇದೀನಲ್ಲ ಅನ್ನುವ ಮಾತು ಬಾಯಿಗೆ ಬಂತು. ಆಡಲಿಲ್ಲ.

"ಮಂಗಳವಾರದ ಹಡಗಿಗೆ" ಎಂದೆ.

ಫೋನಿಟ್ಟು, ತರಕಾರಿ ಅಂಗಡಿ ಮುಚ್ಚುವ ಮೊದಲು ಎರಡು ಕೆಜಿ ಅವರೆಕಾಯಿ ತಂದು, ಅಲ್ಲೇ ನೆಲದ ಮೇಲೆ ಪೇಪರ್ ಹಾಸಿ ಬಿಡಿಸತೊಡಗಿದೆ.