ತಿಂಗಳು ಕೇಳಲು ಹೋಗುತ್ತಿದ್ದವರು

ಅಂತಿಯೋಕ್ಯದ ಕ್ರೈಸ್ತ ಸಭೆಗಳಲ್ಲಿ ವೇದಪಾಠ ಓದುವ ವಾಚಕರಿಗೆ ಬರವಿಲ್ಲ. ಕಂಠದ ಗಾಂಭೀರ್ಯಕ್ಕೆ ಹೆಸರಾದವರಿದ್ದಾರೆ, ಗ್ರೀಕ್ ಉಚ್ಚಾರಣೆಗೆ ಹೆಸರಾದವರಿದ್ದಾರೆ, ಓದುತ್ತ ತಾವೂ ಅತ್ತು ಕೇಳುವವರನ್ನೂ ಅಳಿಸುವವರಿದ್ದಾರೆ. ಆದರೆ ನದಿದಂಡೆಯ ನಮ್ಮ ಪುಟ್ಟ ಸಭೆಯಲ್ಲಿ ಮೀಸೆ ಚಿಗುರಿದಂದಿನಿಂದ ಗಡ್ಡ ನೆರೆಯುವವರೆಗೂ ಓದಿ, ಈ ಹಬ್ಬಕ್ಕೆ ಮುಂಚೆ ಓದುಪೀಠದಿಂದ ಇಳಿದ ಮಾನ್ಯ ಬರ್ಲಾಹಾ ಅವರು ಇವೆಲ್ಲಕ್ಕಿಂತ ಬೇರೊಂದು ಕಾರಣಕ್ಕೆ ಸ್ಮರಣೀಯರು. ಅವರು ತಿಂಗಳು ಕೇಳಲು ಹೋಗುತ್ತಿದ್ದವರು.

ಎಳೆಯರಿಗೆ ಈ ಮಾತು ವಿಚಿತ್ರವಾಗಿ ಕಂಡೀತು. ಈಗ ಕರ್ತನು ಮತ್ತೆ ಎದ್ದ ನಮ್ಮ ಪಸ್ಕ ಹಬ್ಬದ ದಿನ ಅಲೆಕ್ಸಾಂದ್ರಿಯದಿಂದ ಓಲೆಯಲ್ಲಿ ಬರುತ್ತದೆ. ಆಗ ಹಾಗಿರಲಿಲ್ಲ. ಯೆಹೂದ್ಯರ ಪಸ್ಕ ಯಾವ ವಾರ ಬೀಳುತ್ತದೋ ಆ ವಾರದ ಭಾನುವಾರವೇ ನಮ್ಮ ಹಬ್ಬ. ಅವರದು ಚಂದ್ರನ ತಿಂಗಳು. ಕೆಲವು ವರ್ಷ ಅವರ ಹಿರಿಯರು ಅಧಿಕ ಮಾಸವೊಂದನ್ನು ಸೇರಿಸಿಯೂ ಬಿಡುತ್ತಿದ್ದರು. ಆದ್ದರಿಂದ ಚಳಿ ಇಳಿಯುವ ಹೊತ್ತಿಗೆ ಯಾರಾದರೂ ಹೋಗಿ ಕೇಳಿಕೊಂಡು ಬರಲೇಬೇಕು. ಆ ಕೆಲಸ ವಾಚಕರದು. ಕೇಳುತ್ತಿದ್ದದ್ದು ನಮ್ಮ ಹಿಂದಿನ ಬೀದಿಯ ಅಗಸ ಯನ್ನಾಯಿಯನ್ನು.

ಹಬ್ಬದ ರಾತ್ರಿ ದೀಕ್ಷಾಸ್ನಾನ ಪಡೆದವರು ಉಡುವ ಬಿಳಿಬಟ್ಟೆಗಳನ್ನು ಚೌಳುಮಣ್ಣಿನಲ್ಲಿ ತಿಕ್ಕಿ, ಗಂಧಕದ ಹೊಗೆ ಕೊಟ್ಟು ಬೆಳ್ಳಗೆ ಮಾಡಿಕೊಡುವವನೂ ಅವನೇ. ಸಭೆಯ ಸೇವಕಿಯಾದ ನನ್ನ ಪಾಲಿಗೆ ಆ ಬಟ್ಟೆಗಳ ಉಸ್ತುವಾರಿ ಬಂದಿದ್ದರಿಂದ ಗಂಟು ಹೊತ್ತು ಬರ್ಲಾಹಾ ಅವರ ಹಿಂದೆ ನಾನೂ ಹೋಗುತ್ತಿದ್ದೆ. ಅಂಗಳದಲ್ಲಿ ನಮ್ಮನ್ನು ಕಂಡದ್ದೇ ತಡ, ಯನ್ನಾಯಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವನು.

“ಬಂದ್ಯಾ ಬರ್ಲಾಹಾ? ಮೆಸ್ಸೀಯ ಬಂದು ಹೋದ ಅಂತೀರಿ. ಹಬ್ಬ ಯಾವತ್ತು ಅಂತ ಹೇಳ್ದೇನೇ ಹೋಗ್ಬಿಟ್ನಾ?”

“ಹೇಳಿದ್ದ ಕಣಯ್ಯ. ಯನ್ನಾಯಿನ ಕೇಳ್ಕೊಳ್ಳಿ ಅಂದಿದ್ದ.”

ಒಳಗಿನಿಂದ ಅವನ ಹೆಂಡತಿ ಶಪ್ಪಿರಾ ಕೂಗುವಳು: “ಮೊದ್ಲು ಕೂತ್ಕೊಳ್ಳಿ ಅಣ್ಣ, ತಿಂಗಳೇನು ಓಡಿ ಹೋಗಲ್ಲ. ಏ ಶ್ಮೂನಿ, ಆ ಗಂಟು ಇಳ್ಸೇ. ಕತ್ತೆನಾ ನೀನು, ಹೊತ್ಕೊಂಡೇ ನಿಂತಿದೀಯಲ್ಲ!” ಒಣ ಅಂಜೂರ ಬರುವುದು, ಉಪ್ಪಿನಲ್ಲಿ ನೆನೆದ ಆಲಿವ್ ಬರುವುದು. ತಿಂಗಳ ವಿಚಾರ ಎಲ್ಲಕ್ಕಿಂತ ಕೊನೆಗೆ ಬರುವುದು.

ಓದುಪೀಠದಲ್ಲಿ ಬರ್ಲಾಹಾ ಅವರು ಎಷ್ಟು ಗಂಭೀರರೋ ಅದರಾಚೆ ಅಷ್ಟೇ ಮೃದು. ಗಂಡನನ್ನು ಕಳೆದುಕೊಂಡು ಸಭೆಗೆ ಬಂದ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅವರು ಮನೆಯಲ್ಲಿ ಪಾಠ ನೋಡಿಕೊಳ್ಳುವಾಗ ಪಕ್ಕದಲ್ಲಿ ನಿಂತು ಸಾಲಿನ ಮೇಲೆ ಬೆರಳು ಸರಿಸಲು ಬಿಟ್ಟರು. ಕಲಿಸುತ್ತೇನೆಂದು ಒಮ್ಮೆಯೂ ಹೇಳಲಿಲ್ಲ. ಕಿವಿ ಕೇಳಿಸದ ಮುದಿ ದೋಣಿಗಾರನೊಬ್ಬನಿಗೆ ಭಾನುವಾರದ ಪಾಠವನ್ನು ಅವನ ಮನೆಗೇ ಹೋಗಿ ಕಿವಿಗೆ ಬಾಯಿಟ್ಟು ಓದುತ್ತಿದ್ದರು. ಬೀದಿಯವರೆಲ್ಲ ಆ ಪಾಠವನ್ನು ಎರಡು ಸಲ ಕೇಳಿದಂತಾಗುತ್ತಿತ್ತು.

ಹೀಗಿರುವಾಗ ಧರ್ಮಾಧ್ಯಕ್ಷರ ಕೂಟದಿಂದ ಆಜ್ಞೆ ಬಂತು. ಇನ್ನು ಮುಂದೆ ಎಲ್ಲ ಸಭೆಗಳಿಗೂ ಹಬ್ಬ ಒಂದೇ ದಿನ. ಯೆಹೂದ್ಯರ ತಿಂಗಳನ್ನು ಕೇಳಿ ನಡೆಯಕೂಡದು. ನಡೆದ ಸಭಾಸೇವಕರನ್ನು ಪದವಿಯಿಂದಲೂ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಮೇಜಿನಿಂದಲೂ ಹೊರಗಿಡಲಾಗುವುದು. ಅದನ್ನು ಜನರಿಗೆ ಓದಿ ಹೇಳಬೇಕಾದವರೂ ಬರ್ಲಾಹಾ ಅವರೇ. ಎಂದೂ ತಡವರಿಸದವರು ನಡುವೆ ಓದು ನಿಲ್ಲಿಸಿ ನೀರು ಬೇಕೆಂದರು. ಕುಡಿದು, ಉಳಿದದ್ದನ್ನು ಓದಿ ಮುಗಿಸಿದರು.

ಆ ವಸಂತದಲ್ಲಿ ಯಾರೂ ಕೇಳಲು ಹೋಗಲಿಲ್ಲ. ಬಟ್ಟೆಯ ಗಂಟನ್ನು ಮಾತ್ರ ನಾನು ಹುಡುಗನೊಬ್ಬನ ಕೈಯಲ್ಲಿ ಕಳಿಸಿದೆ. ಯನ್ನಾಯಿಗೆ ಯಾರೂ ಏನೂ ತಿಳಿಸಲೂ ಇಲ್ಲ. ಅವನು ರೂಢಿಯಂತೆ ತನ್ನ ಪಸ್ಕದ ಹಿಂದಿನ ದಿನ ಬಿಳಿಬಟ್ಟೆಗಳನ್ನು ಮಡಿಸಿ ಕಳಿಸಿಬಿಟ್ಟ. ಶಪ್ಪಿರಾ ತಾನೇ ಹೊತ್ತು ತಂದು ನಮ್ಮ ಬಾಗಿಲಲ್ಲಿ ನಿಂತು, ದೀಪವಿಲ್ಲದ ಒಳಗನ್ನು ಇಣುಕಿ ನೋಡಿ, “ಯಾಕೆ ಶ್ಮೂನಿ, ಈ ಸಲ ನಿಮ್ಗೆ ಹಬ್ಬ ಇಲ್ವಾ?” ಎಂದಳು. ಓಲೆಯ ಪ್ರಕಾರ ನಮ್ಮ ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು. ನಾನು ಬಟ್ಟೆಗಳನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟೆ. ಗೋಡೆಯಾಚೆ ಅವರು ಹುಳಿಯಿಲ್ಲದ ರೊಟ್ಟಿ ಮುರಿದು ಹಾಡಿದರು. ಈಚೆ ನಾವು ಉಪವಾಸವಿದ್ದೆವು. ಬಟ್ಟೆಗಳು ಪೆಟ್ಟಿಗೆಯಲ್ಲೇ ಉಳಿದು ಮಡಿಕೆಮಡಿಕೆಗೂ ಹಳದಿಯಾದವು.

ಮರುವರ್ಷ ಚಳಿ ಇಳಿಯುತ್ತಲೇ ಬರ್ಲಾಹಾ ಅವರು ಮೇಲುಹೊದಿಕೆ ತೆಗೆದುಕೊಂಡು ಹೊರಟರು. ಗಂಟು ಹೊತ್ತು ನಾನೂ ಹೊರಟೆ. ಯಾರೋ ನೋಡಿದರು, ನೋಡಿದವರು ದೂರು ಕೊಟ್ಟರು. ವಿಚಾರಣೆಗೆಂದು ಹಿರಿಯ ಗುರುಗಳೊಬ್ಬರು ಬಂದು ನಮ್ಮ ಸಭೆಯ ಅಂಗಳದಲ್ಲಿ ಕುಳಿತರು. ಓದುವುದನ್ನು ಬಿಟ್ಟರೆ ಬೇರೆ ಬದುಕೇ ಇಲ್ಲದ ಮನುಷ್ಯನನ್ನು ಅಂದು ಸಂಜೆಯೊಳಗೆ ಪೀಠದಿಂದಲೂ ಮೇಜಿನಿಂದಲೂ ಎಬ್ಬಿಸುತ್ತಾರೆಂದು ಸಭೆಯ ಅರ್ಧ ಜನ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

“ಯೆಹೂದ್ಯನ ಮನೆಗೆ ಹೋಗಿದ್ದು ನಿಜನಾ, ವಾಚಕರೇ?”

“ನಿಜ ಸ್ವಾಮಿ.”

“ಹಬ್ಬ ಯಾವಾಗ ಅಂತ ಕೇಳೋಕೆ?”

“ಇಲ್ಲ ಸ್ವಾಮಿ. ಹೇಳೋಕೆ.”

“ಹೇಳೋಕಾ? ಯಾರ ಹಬ್ಬ?”

“ನಮ್ದೇ. ಹೋದ ವರ್ಷ ಹೇಳ್ಲಿಲ್ಲ, ಬಟ್ಟೆ ಒಂದು ತಿಂಗಳು ಮುಂಚೆ ಬಂತು. ಸ್ನಾನ ಮಾಡಿ ಎದ್ದೋರೆಲ್ಲ ಹಳೇ ಬೆಣ್ಣೆ ಬಣ್ಣದಲ್ಲಿ ನಿಂತಿದ್ರು.”

ಗುರುಗಳು ನನ್ನತ್ತ ತಿರುಗಿದರು. “ಏನಮ್ಮಾ, ಈ ಊರಲ್ಲಿ ಬೇರೆ ಅಗಸರೇ ಇಲ್ವಾ?”

“ಇದ್ದಾರೆ ಸ್ವಾಮಿ. ಆದ್ರೆ ತಮ್ಮ ಮೈಮೇಲಿರೋ ನಿಲುವಂಗಿ ಒಗ್ದಿರೋನೂ ಅವನೇ. ಅವನ ಅಂಗಳದಲ್ಲಿ ನಾನೇ ನೋಡಿದೀನಿ.”

ಅವರು ತಮ್ಮ ತೋಳನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ ನೋಡಿಕೊಂಡರು. ನಕ್ಕರೋ ಇಲ್ಲವೋ, ಗಡ್ಡದಲ್ಲಿ ಕಾಣಲಿಲ್ಲ. “ಕೇಳಬಾರದು ಅಂತ ಆಜ್ಞೆ ಇದೆ,” ಎಂದು ಎದ್ದರು. “ಹೇಳಬಾರದು ಅಂತ ಇಲ್ಲ.”

ಆ ಕ್ಷಣ ಇಡೀ ಅಂಗಳ ಬಿಟ್ಟ ನಿಟ್ಟುಸಿರಿಗೆ ಬಟ್ಟೆ ಒಣಗಬಹುದಿತ್ತು. ಬರ್ಲಾಹಾ ಅವರು ಮೆಟ್ಟಿಲ ಮೇಲೆ ಕುಳಿತು, “ಶ್ಮೂನಿ, ಒಂಚೂರು ನೀರು ಕೊಡವ್ವ,” ಎಂದರು.

‘ಹೇಳೋಕೆ’ ಎಂದ ಅವರ ಉತ್ತರ ಬರಿಯ ಜಾಣತನವೆಂದು ಇಂದಿಗೂ ಕೆಲವರು ಹೇಳುತ್ತಾರೆ. ಜೊತೆಯಲ್ಲಿದ್ದವಳು ನಾನು, ಅದು ನಿಜವಾಗಿತ್ತು. ನಾವು ಹೋಗಿ ಓಲೆಯ ವಿಚಾರ ತಿಳಿಸಿದಾಗ ಯನ್ನಾಯಿ ಎಂದಿನ ತಮಾಷೆ ಮಾಡಲಿಲ್ಲ. “ಹಂಗಾದ್ರೆ ಇನ್ಮೇಲೆ ನಾನು ನಿನ್ನ ಕೇಳ್ಬೇಕು ಅನ್ನು,” ಎಂದ. ಒದ್ದೆ ಬಟ್ಟೆಯೊಂದನ್ನು ಹಿಂಡಿ ಹಾಕಿ, “ಸರಿಯಪ್ಪಾ, ನಿಮ್ಮ ಹಬ್ಬ ಯಾವತ್ತು?” ಎಂದು ಕೇಳಿದ. ಅಷ್ಟು ವರ್ಷ ಇದ್ದದ್ದು ಒಂದು ಹಬ್ಬ. ಎರಡಾಯಿತೆಂದು ನನಗೆ ತಿಳಿದದ್ದು ಓಲೆಯಿಂದಲ್ಲ, ಆ ಪ್ರಶ್ನೆಯಿಂದ. ಬರ್ಲಾಹಾ ಅವರು ದಿನ ಹೇಳಿದರು. ಶಪ್ಪಿರಾ ಅಂಜೂರ ತಂದಳು. ಅಂದಿನಿಂದ ಯಾವ ವರ್ಷವೂ ಬಟ್ಟೆ ಹಳದಿಯಾಗಿಲ್ಲ.

ಇನ್ನು ಹೇಳಿಬರುವುದು ಹೊಸ ವಾಚಕರ ಕೆಲಸ. ಆದರೂ ಮೊನ್ನೆ ಗಂಟು ಹೊತ್ತು ಹೊರಟಾಗ ಹಿಂದಿನಿಂದ ಬರ್ಲಾಹಾ ಅವರ ಕೋಲಿನ ಸದ್ದು ಕೇಳಿಸಿತು. ಅಂಗಳದಲ್ಲಿ, ಈಗ ಕುಳಿತೇ ಬಟ್ಟೆ ಮಡಿಸುವ ಯನ್ನಾಯಿ ತಲೆಯೆತ್ತಿದ.

“ಏನು, ಹೇಳೋಕ್ ಬಂದ್ಯಾ?”

“ಇಲ್ಲ. ಅದನ್ನ ಹೊಸಬ ಬಂದು ಹೇಳ್ತಾನೆ.”

“ಮತ್ತೆ ಕೇಳೋಕಾ? ಬೇಡ ಮಾರಾಯ, ಕೆಲಸ ಹೋಗತ್ತೆ.”

“ಕೆಲಸಾನೇ ಬಿಟ್ಟಾಯ್ತಲ್ಲೋ. ಇನ್ನು ಯಾರನ್ನ ಏನು ಬೇಕಾದ್ರೂ ಕೇಳ್ತೀನಿ.” ಕೋಲನ್ನು ಗೋಡೆಗೊರಗಿಸಿ ಅವರು ಕುಳಿತರು. “ಹೇಳು ಯನ್ನಾಯಿ, ಹಬ್ಬ ಯಾವತ್ತು?”

ಯನ್ನಾಯಿ ಹೇಳಿದ. ನಿಧಾನವಾಗಿ, ಹಿಂದೆ ಹೇಳುತ್ತಿದ್ದ ಹಾಗೆಯೇ ಬೆರಳು ಮಡಿಸಿ ಹೇಳಿದ.

ಪೂಜ್ಯ ಬರ್ಲಾಹಾ ಅವರಿಗೆ ದೇವರು ದೀರ್ಘಾಯುಸ್ಸನ್ನೂ, ಆ ಬೀದಿಯವರೆಗೆ ನಡೆಯುವಷ್ಟು ಕಾಲಿನ ಬಲವನ್ನೂ ಕೊಡಲಿ. ಅನೇಕ ವಸಂತಗಳಲ್ಲಿ ಅವರು ಈ ಪ್ರಶ್ನೆ ಕೇಳುವಂತಾಗಲಿ. ಮತ್ತು ಅಷ್ಟೂ ವಸಂತಗಳಲ್ಲಿ ಉತ್ತರ ಹೇಳಲು ಯನ್ನಾಯಿಯೂ ಇರಲಿ.