ಹೂವಿನವಳು ಅಳುತ್ತಾಳಾ, ನಗುತ್ತಾಳಾ?

ಕಳೆದ ಭಾನುವಾರ ಬೆಳಿಗ್ಗೆ ಕೆಂಪಾಪುರದ ನಮ್ಮ ಪಾರ್ಕಿನಲ್ಲಿ ಒಂದು ಸಿನಿಮಾದ ಬಗ್ಗೆ ಜಗಳವಾಯಿತು. ವಾಕಿಂಗಿಗೆ ಬಂದವರು ನಿಂತು ನೋಡುವಷ್ಟು ದೊಡ್ಡ ಜಗಳ. ತೊಂದರೆ ಇದ್ದದ್ದು ಒಂದೇ. ಜಗಳವಾಡಿದವರಲ್ಲಿ ಒಬ್ಬರೂ ಆ ಸಿನಿಮಾ ನೋಡಿರಲಿಲ್ಲ.

ಇದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾದ ರೀತಿ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ, ನಿಧಾನವಾಗಿ ಬರೆಯುತ್ತೇನೆ. (ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಓದುವುದನ್ನು ಇಲ್ಲೇ ಬಿಟ್ಟು, ಅದಕ್ಕೆ ಎಷ್ಟು ಸ್ಟಾರ್ ಬಂದಿದೆ ಎಂದು ಮೊಬೈಲಿನಲ್ಲಿ ಹುಡುಕುತ್ತೀರಿ. ನಿಮ್ಮನ್ನು ನಾನು ಇಂದು ನಿನ್ನೆ ಕಂಡಿದ್ದೇನೆಯೇ?)

ನಮ್ಮ ಪಾರ್ಕಿನ ಪದ್ಧತಿ ಹೀಗೆ. ಶುಕ್ರವಾರ ಸಿನಿಮಾ ಬಿಡುಗಡೆಯಾಗುತ್ತದೆ. ಭಾನುವಾರ ವಾಕಿಂಗ್ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ತೀರ್ಪು ಬರುತ್ತದೆ. ಅಲ್ಲಿ ಪಾಸಾದರೆ ಲೇಔಟಿನ ಜನ ಟಿಕೆಟ್ ಬುಕ್ ಮಾಡುತ್ತಾರೆ. ಫೇಲಾದರೆ ಒಬ್ಬರೂ ಆ ಕಡೆ ತಲೆ ಹಾಕುವುದಿಲ್ಲ.

ತೀರ್ಪು ಕೊಡುವವರು ಮೂವರು. ಮೊದಲನೆಯವರು ಜಯಣ್ಣ. ಕೆಂಪಾಪುರ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇದ್ದಾರೆ. ವಯಸ್ಸಿನಲ್ಲಿದ್ದಾಗ ಮೊದಲ ದಿನದ ಮೊದಲ ಆಟ ತಪ್ಪಿಸಿದವರಲ್ಲ. ಬಾಯಿಗೆ ಎರಡು ಬೆರಳಿಟ್ಟು ವಿಸಿಲ್ ಹೊಡೆದರೆ ಪಕ್ಕದ ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ. ಎರಡನೆಯವನು ರಾಘು, ಟೆಕ್ ಪಾರ್ಕಿನಲ್ಲಿ ಕೆಲಸ. ನನ್ನನ್ನು ಆಂಟಿ ಅನ್ನುತ್ತಾನೆ. (ಕ್ಷಮಿಸಿದ್ದೇನೆ.) ಮೂರನೆಯವಳು ಬ್ಯಾಂಕಿನಲ್ಲಿರುವ ಶೈಲಾ. ಲೋನ್ ಕೇಳಲು ಬಂದವರನ್ನು ನೋಡುವ ಹಾಗೆಯೇ ಸಿನಿಮಾದ ಕಥೆಯನ್ನೂ ನೋಡುತ್ತಾಳೆ.

"ಸೆಕೆಂಡ್ ಹಾಫ್ ಫುಲ್ ಲ್ಯಾಗ್ ಅಂಕಲ್" ಎಂದು ರಾಘು ಶುರು ಮಾಡಿದ. "ಎಡಿಟರ್ ನಿದ್ದೆ ಮಾಡ್ಬಿಟ್ಟಿದಾನೆ."

"ಲ್ಯಾಗು ಇರ್ಲಿ ಬಿಡಪ್ಪ" ಅಂದರು ಜಯಣ್ಣ. "ಒಂದ್ ಫೈಟಾದ್ರೂ ಬ್ಯಾಡ್ವಾ? ಈರೋ ಮೂರು ಹೊತ್ತೂ ರೈಲ್ವೆ ಸ್ಟೇಷನ್ನಾಗೆ ಕೂತವ್ನಂತೆ. ಇಂಗೆ ಕೂತ್ರೆ ಜನ ಬತ್ತಾರಾ?"

"ಫೈಟ್ ಬೇಕಾದ್ರೆ ಹೆಬ್ಬಾಳ ಸಿಗ್ನಲ್‌ಗೆ ಹೋಗಿ ನಿಂತ್ಕೊಳ್ಳಿ ಜಯಣ್ಣ, ದಿನಾ ಫ್ರೀ ಶೋ ಇರುತ್ತೆ" ಎಂದಳು ಶೈಲಾ. "ಕ್ಯಾಮೆರಾ ನೋಡ್ರೀ, ಎಷ್ಟ್ ಚೆನ್ನಾಗಿದೆ! ಆ ಮಳೆ ಸೀನ್ ಒಂದೇ ಸಾಕು."

"ಶೈಲಕ್ಕ, ಮಳೆ ಸೀನ್ ಟ್ರೈಲರಲ್ಲೇ ಇದೆ" ಎಂದ ರಾಘು.

"ಇದ್ರೇನಂತೆ? ಸಿನಿಮಾದಲ್ಲಿ ಇರಲ್ವಾ?"

ಹೀಗೆ ದನಿ ಏರುತ್ತಾ ಹೋಯಿತು. ನಾನು ಸಿನಿಮಾ ನೋಡಿಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಸಂದು ಸಿಗಲಿಲ್ಲ.

ಬೆಂಚಿನ ಆ ತುದಿಯಲ್ಲಿ ಸರೋಜಾ ಕುಳಿತಿದ್ದರು. ತೊಡೆಯ ಮೇಲೆ ತರಕಾರಿ ಚೀಲ. ಸರೋಜಾ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಾರೆ. ಹಿಂದೊಮ್ಮೆ ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಸಿಕ್ಕಿತ್ತು. ಖುಷಿಯಲ್ಲಿ ಲೇಔಟಿಗೆಲ್ಲ ಹೇಳಿದ್ದರು. ಇಪ್ಪತ್ತು ಜನ ಹೊಸ ಸೀರೆ, ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿದ್ದೆವು. ತೆರೆಯ ಮೇಲೆ ಬಂದದ್ದು ಅವರ ಮೊಣಕೈ ಮಾತ್ರ. ಉಳಿದದ್ದೆಲ್ಲ ಎಡಿಟಿಂಗಿನಲ್ಲಿ ಹೋಗಿತ್ತು. ಆಮೇಲೆ ಕೆಲವು ತಿಂಗಳು ಜಯಣ್ಣ ಅವರನ್ನು "ಮೊಣಕೈ ಮೇಡಮ್ಮು" ಎಂದೇ ಕರೆದರು. ಸರೋಜಾ ನಗುತ್ತಿದ್ದರು. ಆದರೆ ಸಿನಿಮಾದ ಮಾತು ಎತ್ತುವುದನ್ನು ನಿಲ್ಲಿಸಿಬಿಟ್ಟರು.

ಅಂಥವರು ಅವತ್ತು ತಾವಾಗಿ ಬಾಯಿ ಬಿಟ್ಟರು.

"ನೀವೆಲ್ಲ ನೋಡಿದ್ದೀರಲ್ಲ, ಒಂದು ಕೇಳ್ಲಾ? ಸೆಕೆಂಡ್ ಹಾಫಲ್ಲಿ ಸ್ಟೇಷನ್ ಹೊರಗಡೆ ಒಬ್ಳು ಹೂ ಮಾರ್ತಾಳೆ. ಆ ಸೀನ್ ಇದೆಯಾ? ತೆಗೆದುಬಿಟ್ಟಿದಾರಾ?"

"ಐತಲ್ಲಮ್ಮಾ!" ಎಂದರು ಜಯಣ್ಣ, ಒಂದು ಕ್ಷಣವೂ ತಡೆಯದೆ. "ಸಕತ್ತಾಗ್ ಮಾಡವ್ಳೆ ಆ ಯಮ್ಮ."

ನಾನು ಸರೋಜಾ ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನು ಬಂತು ಎಂದು ಬರೆಯಲು ನನಗೆ ಬರುವುದಿಲ್ಲ. ತರಕಾರಿ ಚೀಲ ತೊಡೆಯಿಂದ ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ನಿಜವಾಗ್ಲೂ? ಅಳ್ತಾಳಾ, ನಗ್ತಾಳಾ?"

"ಆಂ?"

"ಅದು ನಾನೇ ಜಯಣ್ಣ. ಒಂದು ಟೇಕಲ್ಲಿ ಅಳು ಅಂದ್ರು, ಇನ್ನೊಂದ್ರಲ್ಲಿ ನಗು ಅಂದ್ರು. ಯಾವ್ದು ಇಟ್ಟಿದಾರೆ? ನೋಡ್ಕೊಂಡು ಬರೋಣ ಅಂತ ಶುಕ್ರವಾರ ಹೋದೆ. ನಿನ್ನೆನೂ ಹೋದೆ. ಒಬ್ಬರಿಗೋಸ್ಕರ ಶೋ ಹಾಕಲ್ಲ ಅಂತ ವಾಪಸ್ ಕಳಿಸಿದ್ರು. ಮೊದ್ಲು ನಾನು ನೋಡಿ, ಇದ್ರೆ ಆಮೇಲೆ ನಿಮಗೆ ಹೇಳೋಣ ಅಂತಿದ್ದೆ. ಹೇಳಿ, ಅಳ್ತೀನಾ, ನಗ್ತೀನಾ?"

ಜಯಣ್ಣ ರಾಘುವಿನ ಮುಖ ನೋಡಿದರು. ರಾಘು ಶೈಲಾಳ ಮುಖ ನೋಡಿದ. ಶೈಲಾ ನೆಲ ನೋಡಿದಳು.

"ನಾನು ಯೂಟ್ಯೂಬಲ್ಲಿ ನೋಡಿದ ರಿವ್ಯೂನೋನು ಹೂವಿನೋಳ ವಿಷ್ಯ ಏನೂ ಹೇಳಿಲ್ಲ ಆಂಟಿ" ಎಂದ ರಾಘು, ಬಹಳ ಸಣ್ಣ ದನಿಯಲ್ಲಿ.

"ಯಾವ ರಿವ್ಯೂನೋ?" ಜಯಣ್ಣ ಸಿಡಿದರು. "ನೀನು ನೋಡಿದೀಯ ಅಂತ ತಾನೆ ನಾನು ಮಾತಾಡಿದ್ದು!"

"ನಾನೆಲ್ಲಿ ಅಂಕಲ್ ನೋಡಿದೀನಿ ಅಂದೆ? ಲ್ಯಾಗ್ ಅಂತ ಅಷ್ಟೇ ಅಂದಿದ್ದು. ಎರಡು ಸ್ಟಾರ್ ಕೊಟ್ಟೆ ಅಷ್ಟೇ."

ಅಷ್ಟೇ! ನೋಡದ ಸಿನಿಮಾಕ್ಕೆ ಇವನು ಎರಡು ಸ್ಟಾರ್ ಕೊಟ್ಟಿದ್ದಾನೆ. ಅದನ್ನು ನೋಡಿ ಇನ್ನಾರೋ ಮನೆಯಲ್ಲೇ ಉಳಿದಿದ್ದಾರೆ. ಅವರು ಬಾರದ ಕಾರಣಕ್ಕೆ ಸರೋಜಾ ಎರಡು ದಿನ ಖಾಲಿ ಥಿಯೇಟರಿನ ಬಾಗಿಲಿನಿಂದ ಮನೆಗೆ ಬಂದಿದ್ದಾರೆ. ಈಗ ನೀವೇ ಹೇಳಿ, ಅವರನ್ನು ತೆರೆಯಿಂದ ಅಳಿಸಿದ್ದು ಎಡಿಟರೋ, ನಮ್ಮ ಕಲ್ಲುಬೆಂಚೋ?

ಸರೋಜಾ ಮಾತ್ರ ಯಾರನ್ನೂ ಬೈಯಲಿಲ್ಲ. ಚೀಲ ಎತ್ತಿಕೊಂಡು, "ಪರವಾಗಿಲ್ಲ ಬಿಡಿ, ನಾಳೆಯಿಂದ ಆ ಥಿಯೇಟರಲ್ಲಿ ಅದು ಇರೋದೂ ಇಲ್ಲ" ಎಂದು ಹೊರಟರು.

ಜಯಣ್ಣ ಎದ್ದು ಅವರ ಮುಂದೆ ನಿಂತರು. "ಇವತ್ತಿನ ಆಟ ಎಷ್ಟೊತ್ತಿಗಮ್ಮಾ?"

ಹಾಗೆ ನಾವು ಐವರು ಜಯಣ್ಣನವರ ಕಾರಿನಲ್ಲಿ ಆ ಥಿಯೇಟರಿದ್ದ ಮಾಲ್‌ಗೆ ಹೊರಟೆವು. ಭಾನುವಾರವಾದರೂ ಫ್ಲೈಓವರಿನ ಮೇಲೆ ಗಾಡಿಗಳು ಇಂಚಿಂಚೇ ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ರಾಘು ಟಿಕೆಟ್ ಬುಕ್ ಮಾಡಿದ. "ಬುಕ್ ಆಯ್ತು! ಇನ್ನು ಅವರು ಶೋ ಹಾಕ್ಲೇಬೇಕು" ಎಂದು ಕೂಗಿದಾಗ ಶೈಲಾ ಚಪ್ಪಾಳೆ ತಟ್ಟಿದಳು. ಶೋ ಹಾಕುತ್ತಾರೆ, ಸರಿ. ಈ ಸಲವೂ ಮೊಣಕೈಯೇ ಬಂದರೆ?

ಥಿಯೇಟರಿನಲ್ಲಿ ನಮ್ಮನ್ನು ಬಿಟ್ಟರೆ ಮೂಲೆಯಲ್ಲಿ ಒಂದು ಜೋಡಿ, ಅಷ್ಟೆ. ಇಂಟರ್ವಲ್ಲಿನಲ್ಲಿ ರಾಘು, "ಫಸ್ಟ್ ಹಾಫ್ ಬಗ್ಗೆ ನನ್ ಒಪೀನಿಯನ್..." ಎಂದು ಶುರು ಮಾಡುವಷ್ಟರಲ್ಲಿ ಶೈಲಾ ಅವನ ಬಾಯಿಗೆ ಪಾಪ್‌ಕಾರ್ನ್ ತುರುಕಿದಳು. ಸರೋಜಾ ಸೀಟಿನಿಂದ ಏಳಲೇ ಇಲ್ಲ.

ಸೆಕೆಂಡ್ ಹಾಫ್. ಸ್ಟೇಷನ್ ಬಂತು, ಹೋಯಿತು. ಇನ್ನೊಮ್ಮೆ ಬಂತು. ಹೀರೋ ಓಡುತ್ತಿದ್ದಾನೆ. ಒಂದು ಹೂವಿನ ಬುಟ್ಟಿ ಕಂಡಿತು. ಮಲ್ಲಿಗೆ ಅಳೆಯುತ್ತಿರುವ ಒಂದು ಕೈ ಕಂಡಿತು. ಅಂಗೈ, ಮಣಿಕಟ್ಟು, ಆಮೇಲೆ ಮೊಣಕೈ! ನಾನು ಕಣ್ಣು ಮುಚ್ಚಿಕೊಂಡೆ.

"ಬಂದ್ಲು!" ಎಂದು ಜಯಣ್ಣ ಕಿರುಚಿದರು.

ಕಣ್ಣು ಬಿಟ್ಟರೆ ಇಡೀ ತೆರೆಯ ತುಂಬ ಸರೋಜಾ. ಮೂಗುಬೊಟ್ಟು, ಹಣೆಯ ಬೆವರು, ಕೆನ್ನೆಯ ಮೇಲಿನ ಸಣ್ಣ ಮಚ್ಚೆ ಸಮೇತ. ನಗುತ್ತಿದ್ದರು! ಜಯಣ್ಣ ಬೆರಳು ಬಾಯಿಗಿಟ್ಟು ಹೊಡೆದ ವಿಸಿಲ್‌ಗೆ ಮೂಲೆಯ ಜೋಡಿ ಬೆಚ್ಚಿಬಿತ್ತು. ರಾಘು ಸೀಟಿನ ಮೇಲೆ ಹತ್ತಿ ನಿಂತ. ಶೈಲಾ "ಸರೋಜಕ್ಕಾ!" ಎಂದು ಕೂಗಿದ್ದನ್ನು ಅವಳ ಬ್ಯಾಂಕಿನವರು ಕೇಳಬೇಕಿತ್ತು. ನಾನು? ನಾನೂ ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ.

ಸದ್ದು ಅಡಗುವ ಹೊತ್ತಿಗೆ ಹೀರೋ ರೈಲು ಹತ್ತಿಯಾಗಿತ್ತು.

ಹೊರಗೆ ಬಂದ ಮೇಲೆ ಶುರುವಾಯಿತು ನೋಡಿ, ನಿಜವಾದ ಜಗಳ. "ಆ ಉಡುಗ ಸ್ಟೇಷನ್ನಾಗೆ ಯಾಕೆ ಕೂತಿದ್ದ ಅಂತ ಈಗ ತಿಳೀತು. ನಂಗೆ ಕಣ್ಣಾಗೆ ನೀರ್ ಬಂತು ಕಣ್ರಮ್ಮಾ" ಎಂದರು ಜಯಣ್ಣ. ಮಳೆ ಸೀನ್ ಬಿಟ್ಟರೆ ಉಳಿದದ್ದೆಲ್ಲ ಕತ್ತಲೆ ಕತ್ತಲೆ ಎಂದಳು ಶೈಲಾ. ರಾಘು ಮೊಬೈಲ್ ತೆಗೆದು ಎರಡಿದ್ದ ಸ್ಟಾರನ್ನು ನಾಲ್ಕು ಮಾಡಿದ.

"ಲ್ಯಾಗ್ ಅಂತಿದ್ದೆ?" ಎಂದಳು ಶೈಲಾ.

"ಲ್ಯಾಗ್ ಇದೆ ಶೈಲಕ್ಕ. ಆದ್ರೆ ಈಗ ಅದು ನಾನೇ ಕೂತು ನೋಡಿರೋ ಲ್ಯಾಗ್." ಆಮೇಲೆ ಸರೋಜಾ ಕಡೆ ತಿರುಗಿ, "ಆಂಟಿ, ನಿಮ್ ಡೈಲಾಗ್ ಡೆಲಿವರಿ ಮಾತ್ರ ಸೂಪರ್!" ಎಂದ.

"ನಾನು ಏನಂದೆ ಹೇಳು ನೋಡೋಣ?" ಎಂದರು ಸರೋಜಾ.

ರಾಘು ಮತ್ತೆ ನಮ್ಮ ಮುಖಗಳನ್ನು ನೋಡಿದ. ನಾವು ಜಯಣ್ಣನವರನ್ನು ನೋಡಿದೆವು. ಅವರ ವಿಸಿಲಿನಲ್ಲಿ ಆ ಡೈಲಾಗ್ ಯಾರಿಗೂ ಕೇಳಿಸಿರಲಿಲ್ಲ. ಆಡಿದವರಿಗೂ.

"ನಾನೇ ಕೇಳಿಸ್ಕೊಳ್ಳಲಿಲ್ಲವಲ್ರೀ!" ಎಂದು ಸರೋಜಾ ನಗತೊಡಗಿದರು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಸ್ಕಲೇಟರ್ ಇಳಿಯುತ್ತಾ, ನಮಗಾಗಿ ಒಂದು ಸಲ ಹೇಳಿ ತೋರಿಸಿದರು: "ದುಡ್ಡು ಬೇಡ ಕಣಪ್ಪಾ, ರೈಲು ಹೊರಟೋಗುತ್ತೆ. ಓಡು!" ಎದುರಿನಿಂದ ಏರಿ ಬರುತ್ತಿದ್ದವನೊಬ್ಬ ಗಾಬರಿಯಾಗಿ ತಿರುಗಿ ನೋಡಿದ.

ಜಯಣ್ಣನವರ ಮುಖ ಸಣ್ಣದಾಗಿತ್ತು. ಅವರಿಗೆ ಅವತ್ತು ನಿದ್ದೆ ಬಂತೋ ಇಲ್ಲವೋ, ಸೋಮವಾರ ಬೆಳಿಗ್ಗೆ ಅವರೇ ಹುಡುಕಿಸಿ ಸುದ್ದಿ ತಂದರು. ಯಶವಂತಪುರದ ಕಡೆ ಒಂದು ಥಿಯೇಟರಿನಲ್ಲಿ ಬುಧವಾರ ಬೆಳಗಿನ ಆಟ ಇದೆ! ರಾಘು, ಶೈಲಾ ರಜೆ ಹಾಕಿದರು. ಜಯಣ್ಣ ತಮ್ಮ ಹೆಂಡತಿ, ನಾದಿನಿ, ಬಾಡಿಗೆದಾರರು ಎಲ್ಲರನ್ನೂ ಹೊರಡಿಸಿದರು. ಷರತ್ತು ಹಾಕಿದವರೂ ಅವರೇ: "ಯಾವನೂ ಉಸಿರೆತ್ತಂಗಿಲ್ಲ." ಅದಕ್ಕೆಂದು ಹೆಗಲ ಮೇಲೆ ಒಂದು ಟವೆಲ್ ಕೂಡ ತಂದಿದ್ದರು, ಬಾಯಿಗೆ ಅಡ್ಡ ಹಿಡಿಯಲು.

ಇಂಟರ್ವಲ್ಲಿನಲ್ಲಿ ನಮ್ಮ ಮುಂದಿನ ಸಾಲಿನಿಂದ ಒಬ್ಬರು ಎದ್ದರು. ನಡುವಯಸ್ಸು, ಕತ್ತಿನಲ್ಲಿ ಆಫೀಸಿನ ಐಡಿ ಕಾರ್ಡು. ಫೋನಿನಲ್ಲಿ ಹೇಳುತ್ತಿದ್ದರು, "ಇಲ್ಲ ಮಚ್ಚಾ, ಸುಮಾರಾಗಿದೆ. ನೀನ್ ಬರ್ಬೇಡ. ನಾನೂ ಹೊರಟೆ."

ಜಯಣ್ಣ ಬಗ್ಗಿ ಅವರ ಭುಜ ಮುಟ್ಟಿದರು. "ಗುರುವೇ, ಒಸಿ ಕೂತ್ಕೊಳಿ. ಹೂವಿನೋಳು ಇನ್ನೂ ಬಂದಿಲ್ಲ."

ಏನನ್ನಿಸಿತೋ, ಅವರು ಕೂತರು.

ಸ್ಟೇಷನ್ ಬಂತು. ಬುಟ್ಟಿ, ಕೈ, ಮೊಣಕೈ, ಮುಖ. ಜಯಣ್ಣ ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಇಡೀ ಥಿಯೇಟರಿನಲ್ಲಿ ಸದ್ದಿಲ್ಲ. "ದುಡ್ಡು ಬೇಡ ಕಣಪ್ಪಾ, ರೈಲು ಹೊರಟೋಗುತ್ತೆ. ಓಡು!" ಪಕ್ಕದಲ್ಲಿ ಸರೋಜಾ ನನ್ನ ಕೈ ಹಿಡಿದುಕೊಂಡರು. ನೋಯುವಷ್ಟು ಗಟ್ಟಿಯಾಗಿ.

ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನ ಐಡಿ ಕಾರ್ಡಿನವರು, ನಮ್ಮ ಪೈಕಿ ಯಾರ ಗುರುತೂ ಇಲ್ಲದವರು, ಹೂವಿನವಳ ಮಾತಿಗೆ ತಮ್ಮಷ್ಟಕ್ಕೆ ತಾವು ಜೋರಾಗಿ ನಕ್ಕರು.

ಆ ಒಂದು ನಗುವಿಗೆ ಎಷ್ಟು ಸ್ಟಾರ್ ಕೊಡುತ್ತೀರಿ?