ಹೆಂಡತಿಯ ಕೈಗುಣಕ್ಕೆ ಮೂವತ್ತು ಪರ್ಸೆಂಟ್ ತೆರಿಗೆ

ಗೆಳೆಯರೇ, ಇವತ್ತು ಸ್ಟೇಷನ್ ರಸ್ತೆಯ ನನ್ನ ತೆರಿಗೆ ಸಲಹಾ ಕಚೇರಿಗೆ ಮೊದಲು ಬಂದವರು ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಗಂಡ ಹೆಂಡತಿ.

“ಆನ್‌ಲೈನ್ ರಮ್ಮಿ ಬಂದ್ ಆಗೂಕಿಂತ ಮೊದಲ ಗೆದ್ದಿದ್ರಾಗ ಟ್ಯಾಕ್ಸ್ ಹಿಡದಾರ್ರಿ. ಅಕೌಂಟ್ ಇಕಿ ಹೆಸರಲೆ ಐತಿ. ಇಕಿಗೇನೂ ಉತ್ಪನ್ನ ಇಲ್ಲ. ವಾಪಸ್ ಬರತೈತಲ್ರಿ?” ಎಂದರು ಆತ.

ಬರುವುದಿಲ್ಲ ಎಂದೆ. ಬೇರೆ ಆದಾಯ ಇರಲಿ ಬಿಡಲಿ, ಹಣ ಕಟ್ಟಿ ಆಡಿ ಗೆದ್ದದ್ದಕ್ಕೆ ನೇರ ಮೂವತ್ತು ಪರ್ಸೆಂಟ್. ಇದೇ ಅಕೌಂಟಿನಲ್ಲಿ ಹಿಂದಿನ ವರ್ಷ ನೀವು ಸೋತದ್ದನ್ನು ಅದರಲ್ಲಿ ಕಳೆಯುವಂತೆಯೂ ಇಲ್ಲ.

ಹೆಂಡತಿ ಗಂಡನ ಕಡೆ ತಿರುಗಿದರು. “ನನ್ನ ಹೆಸರಲೆ ಇಸ್ಪೀಟ್ ಆಡೀರಿ? ಗ್ಯಾಸಿಂದು ಅಂತ ಓಟಿಪಿ ಕೇಳತಿದ್ದಿದ್ದು ಇದಕ್ಕನ?”

“ನಿನ್ನ ಕೈಗುಣ ಚಲೋ ಐತೆಲ್ಲ. ಅಂಗಡಿ ಬೋಣಿಗಿನೂ ದಿನಾ ನಿನ್ನ ಕೈಲೇನ ಮಾಡಸ್ತೇನಿ.”

ಗೆದ್ದವರು ಯಾರೆಂದು ಇಲಾಖೆಗೆ ಗೊತ್ತಿತ್ತು. ಗೆದ್ದವರಿಗೇ ಗೊತ್ತಿರಲಿಲ್ಲ. ಇನ್ನು ಸೋತವರ ಸುದ್ದಿಯನ್ನು ಕಾನೂನೂ ಕೇಳುವುದಿಲ್ಲ, ಗಂಡನೂ ಹೇಳಿರಲಿಲ್ಲ.

ಹೊರಡುವಾಗ ಆತ ನನ್ನ ಫೀಸಿನ ನೋಟನ್ನು ರೂಢಿಯಂತೆ ಹೆಂಡತಿಯ ಮುಂದೆ ಹಿಡಿದರು. “ಸರ್ದು ಇನ್ನ ಬೋಣಿಗಿ ಆಗಿಲ್ಲ. ನೀನ ಕೊಡು.”

ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. “ನಿಮ್ಮ ಕೈಲೇನ ಕೊಡ್ರಿ. ಸೋತಿದ್ದು ಯಾರ ಕೈಗುಣ ಅಂತ ಸರಗೂ ಗೊತ್ತಾಗ್ಲಿ.”

ಆತ ತಲೆ ತಗ್ಗಿಸಿ ತಾವೇ ಕೊಟ್ಟರು. ನಾನು ತೆಗೆದುಕೊಂಡೆ.

ಕೈಗುಣವನ್ನೆಲ್ಲ ನಾನು ನಂಬುವವನಲ್ಲ. ಆದರೆ ಸಂಜೆಯಾದರೂ ಇನ್ನೊಬ್ಬ ಗಿರಾಕಿ ಬಂದಿಲ್ಲ.